ತಿಳಿಯಾದ ನೀರು, ಕುದಿಸಿದ ನೀರು, ಶುದ್ಧವಾದ ನೀರು: ಮೂರೂ ಒಂದೇ ಅಲ್ಲವೇ?

ಪ್ರಶ್ನೆ: ಬಾವಿಕಟ್ಟೆ

ನಮ್ಮ ಮನೆಗೆ ಎರಡು ಕಡೆಯಿಂದ ನೀರು ಬರುತ್ತದೆ. ಒಂದು ನಲ್ಲಿಯ ನೀರು, ದಿನ ಬಿಟ್ಟು ದಿನ ಎರಡು ಗಂಟೆ ಬರುತ್ತದೆ, ಇನ್ನೊಂದು ಕೊಳವೆಬಾವಿಯದು. ಕಳೆದ ಆರು ತಿಂಗಳಲ್ಲಿ ನನ್ನ ನಾಲ್ಕು ವರ್ಷದ ಮಗಳಿಗೆ ಮೂರು ಬಾರಿ ಭೇದಿಯಾಯಿತು. ಮೂರನೆಯ ಬಾರಿ ವೈದ್ಯರು ಔಷಧಿ ಬರೆಯುವ ಮೊದಲು, "ಮನೆಯಲ್ಲಿ ಕುಡಿಯುವ ನೀರು ಎಲ್ಲಿಯದು?" ಎಂದು ಕೇಳಿದರು. ಅಲ್ಲಿಯವರೆಗೆ ಆ ಪ್ರಶ್ನೆಯನ್ನು ನಾನೇ ನನಗೆ ಕೇಳಿಕೊಂಡಿರಲಿಲ್ಲ.

ಮನೆಗೆ ಬಂದು ಎರಡೂ ನೀರನ್ನು ಗಾಜಿನ ಲೋಟಗಳಲ್ಲಿ ಹಿಡಿದು ಕಿಟಕಿಯ ಬೆಳಕಿಗೆ ಒಡ್ಡಿ ನೋಡಿದೆ. ಕಸವಿಲ್ಲ, ಬಣ್ಣವಿಲ್ಲ, ವಾಸನೆಯೂ ಇಲ್ಲ. ಭಾವ ಪೆನ್ನಿನಂಥ ಟಿಡಿಎಸ್ ಮೀಟರ್ ತಂದು ಅದ್ದಿ ತೋರಿಸಿದರು: ನಲ್ಲಿಯ ನೀರು 180, ಕೊಳವೆಬಾವಿಯ ನೀರು 620. "ಐನೂರರ ಒಳಗಿದ್ದರೆ ಕಣ್ಣುಮುಚ್ಚಿ ಕುಡಿಯಬಹುದು" ಎಂಬುದು ಅವರ ತೀರ್ಪು. ಅಮ್ಮನಿಗೆ ಮೀಟರಿನಲ್ಲಿ ನಂಬಿಕೆಯಿಲ್ಲ. ಯಾವ ನೀರೇ ಆಗಲಿ, ಕುದಿದು ಕುದಿದು ಪಾತ್ರೆಯಲ್ಲಿ ಕಾಲುಭಾಗ ಬತ್ತಿದರೆ ಮಾತ್ರ ಅದು ಕುಡಿಯಲು ಯೋಗ್ಯ ಎಂದು ಅವರು ಹೇಳುತ್ತಾರೆ. ಈಚೆಗೆ ಕೊಳವೆಬಾವಿಯ ನೀರನ್ನು ಹಾಗೆಯೇ ಬತ್ತಿಸಿ ಮಗುವಿಗೆ ಕೊಡುತ್ತಿದ್ದಾರೆ.

ನನ್ನ ಪ್ರಶ್ನೆ ಎರಡು. ಈ ಮೂರು ಪರೀಕ್ಷೆಗಳಲ್ಲಿ, ಅಂದರೆ ಕಣ್ಣು, ಮೀಟರ್, ಒಲೆ, ಯಾವುದನ್ನು ನಂಬಬೇಕು? ಮತ್ತು ಕಲುಷಿತ ನೀರಿನಿಂದ ಆಗುವ ಹಾನಿ ಹೊಟ್ಟೆಯ ಕಾಯಿಲೆಗೇ ಮುಗಿಯುತ್ತದೆಯೇ, ಇಲ್ಲ ನಮಗೆ ಕಾಣದಂತೆ ಬೇರೆಡೆಯೂ ನಡೆಯುತ್ತಿರುತ್ತದೆಯೇ?

ಉತ್ತರ: ಪರೀಕ್ಷಾನಳಿಕೆ

ನಾನು ನೀರಿನ ಪರೀಕ್ಷಾಲಯದಲ್ಲಿ ಹಲವು ವರ್ಷ ಕೆಲಸ ಮಾಡಿದವನು. ಮೊದಲಿಗೆ ಮೀಟರಿನ ವಿಷಯ ಮುಗಿಸುತ್ತೇನೆ, ಏಕೆಂದರೆ ಈಗ ಜನರನ್ನು ಹೆಚ್ಚು ದಾರಿ ತಪ್ಪಿಸುತ್ತಿರುವುದು ಅದೇ.

ಆ ಪೆನ್ನಿನ ತುದಿಯಲ್ಲಿ ಎರಡು ಪುಟ್ಟ ಲೋಹದ ಕಡ್ಡಿಗಳಿರುತ್ತವೆ. ಅವುಗಳ ನಡುವೆ ನೀರು ಎಷ್ಟು ಸುಲಭವಾಗಿ ವಿದ್ಯುತ್ತನ್ನು ಹರಿಯಗೊಡುತ್ತದೆ ಎಂಬುದನ್ನು ಅಳೆದು, ಕರಗಿದ ಲವಣಗಳು ಒಂದು ಲೀಟರಿನಲ್ಲಿ ಇಷ್ಟು ಮಿಲಿಗ್ರಾಂ ಇರಬಹುದು ಎಂದು ಮೀಟರು ಅಂದಾಜು ಮಾಡುತ್ತದೆ. ಅದು ಹೇಳುವುದು ಬಹುಪಾಲು ಕ್ಯಾಲ್ಸಿಯಂ, ಮೆಗ್ನೀಸಿಯಂ, ಸೋಡಿಯಂ, ಕ್ಲೋರೈಡ್, ಬೈಕಾರ್ಬನೇಟ್‌ಗಳಂಥ ಸಾಧಾರಣ ಲವಣಗಳ ಮಾತು. ಆರ್ಸೆನಿಕ್‌ಗೆ ವಿಶ್ವ ಆರೋಗ್ಯ ಸಂಸ್ಥೆ ಸೂಚಿಸಿರುವ ಮಿತಿ ಲೀಟರಿಗೆ 10 ಮೈಕ್ರೋಗ್ರಾಂ, ಅಂದರೆ ಒಂದು ಮಿಲಿಗ್ರಾಂನ ನೂರನೆಯ ಒಂದು ಭಾಗ. ಮೀಟರಿನ ಪರದೆಯ ಮೇಲೆ ಅತ್ಯಂತ ಚಿಕ್ಕ ಹೆಜ್ಜೆಯೇ ಒಂದು ಮಿಲಿಗ್ರಾಂ. ಮಿತಿಯ ಹತ್ತು ಪಟ್ಟು ಆರ್ಸೆನಿಕ್ ಇದ್ದರೂ ಅದು ಗಮನಿಸದು. ರೋಗಾಣುಗಳಂತೂ ಅದರ ಲೆಕ್ಕಕ್ಕೇ ಬರುವುದಿಲ್ಲ.

ತರಬೇತಿಗೆ ಬಂದವರಿಗೆ ನಾನು ತೋರಿಸುತ್ತಿದ್ದ ಒಂದು ಪ್ರಯೋಗವಿದೆ. ಹತ್ತು ಲೀಟರ್ ಒಳ್ಳೆಯ ನೀರಿರುವ ಒಂದು ಬಕೆಟ್ಟಿಗೆ ಒಂದು ಟೀ ಚಮಚ ಉಪ್ಪು ಹಾಕಿ ಕದಡಿದರೆ ಮೀಟರಿನ ಅಂಕಿ ನೂರುಗಳ ಲೆಕ್ಕದಲ್ಲಿ ಏರುತ್ತದೆ. ಅಷ್ಟೇ ನೀರಿರುವ ಇನ್ನೊಂದು ಬಕೆಟ್ಟಿಗೆ ಒಂದು ಚಮಚ ಚರಂಡಿಯ ನೀರು ಸೇರಿಸಿದರೆ ಅಂಕಿ ಅಲುಗಾಡುವುದಿಲ್ಲ. ಬಣ್ಣವೂ ಬದಲಾಗದು, ವಾಸನೆಯೂ ತಿಳಿಯದು. ಆದರೆ ಹಸಿ ಕೊಳಚೆಯ 100 ಮಿಲಿಲೀಟರಿನಲ್ಲಿ, ಮಲ ಸೇರಿದ್ದರ ಗುರುತಾದ ಇ. ಕೋಲಿ ಬ್ಯಾಕ್ಟೀರಿಯಾಗಳು ಹತ್ತಾರು ಲಕ್ಷ ಇರುವುದು ಸಾಮಾನ್ಯ. ಎರಡು ಸಾವಿರ ಪಟ್ಟು ತೆಳುವಾದ ಮೇಲೂ ಆ ಬಕೆಟ್ಟಿನ ಪ್ರತಿ 100 ಮಿಲಿಲೀಟರಿನಲ್ಲಿ ನೂರಾರು ಉಳಿದಿರುತ್ತವೆ. ಕುಡಿಯುವ ನೀರಿನಲ್ಲಿ ಇರಬೇಕಾದುದು ಸೊನ್ನೆ. ನಿಮ್ಮ ಭಾವನ ಮೀಟರು ಮೊದಲ ಬಕೆಟ್ಟನ್ನು ಚೆಲ್ಲಿ ಎರಡನೆಯದನ್ನು ಕುಡಿಯಿರಿ ಎನ್ನುತ್ತದೆ.

ಕಣ್ಣು ಮತ್ತು ನಾಲಿಗೆಯ ಸಾಕ್ಷ್ಯವೂ ಇದಕ್ಕಿಂತ ಮೇಲಲ್ಲ. 1854ರಲ್ಲಿ ಲಂಡನ್ನಿನ ಬ್ರಾಡ್ ಸ್ಟ್ರೀಟ್ ಸುತ್ತಮುತ್ತ ಕಾಲರಾ ಹಬ್ಬಿ ಆರುನೂರಕ್ಕೂ ಹೆಚ್ಚು ಜನ ತೀರಿಕೊಂಡಾಗ, ಅಲ್ಲಿನ ಕೈಪಂಪಿನ ನೀರೇ ಕಾರಣವೆಂದು ವೈದ್ಯ ಜಾನ್ ಸ್ನೋ ವಾದಿಸಿದರು. ಅವರಿಗೆ ದೊರೆತ ಬಲವಾದ ಪುರಾವೆಗಳಲ್ಲಿ ಒಂದು, ಆ ಬೀದಿಯಿಂದ ಬಹಳ ದೂರದ ಹ್ಯಾಂಪ್‌ಸ್ಟೆಡ್‌ನಲ್ಲಿ ವಾಸಿಸುತ್ತಿದ್ದ ಒಬ್ಬ ವೃದ್ಧೆಯ ಸಾವು. ಆಕೆಯ ಸುತ್ತ ಕಾಲರಾ ಇರಲಿಲ್ಲ. ಬ್ರಾಡ್ ಸ್ಟ್ರೀಟ್ ಪಂಪಿನ ನೀರಿನ ರುಚಿ ಆಕೆಗೆ ಇಷ್ಟವಾದ್ದರಿಂದ ಅದನ್ನು ಬಾಟಲಿಯಲ್ಲಿ ತರಿಸಿಕೊಂಡು ಕುಡಿಯುತ್ತಿದ್ದರು. ರುಚಿಯಾದ ನೀರು ಎಂಬ ಮಾತು ಕೇಳಿದಾಗಲೆಲ್ಲ ನನಗೆ ಆ ವೃದ್ಧೆ ನೆನಪಾಗುತ್ತಾರೆ.

ಇನ್ನು ಒಲೆ. ನಿಮ್ಮ ತಾಯಿಯವರ ನಂಬಿಕೆಯಲ್ಲಿ ಅರ್ಧ ಪೂರ್ತಿ ಸರಿ. ಬ್ಯಾಕ್ಟೀರಿಯಾ, ವೈರಸ್, ಪರೋಪಜೀವಿಗಳ ಮಟ್ಟಿಗೆ ಕುದಿಸುವುದಕ್ಕಿಂತ ಭರವಸೆಯ ಉಪಾಯ ಮನೆಯಲ್ಲಿ ಬೇರೆ ಇಲ್ಲ. ಕ್ಲೋರಿನ್ನಿಗೂ ಜಗ್ಗದ ಕ್ರಿಪ್ಟೋಸ್ಪೊರಿಡಿಯಂ ಎಂಬ ಪರೋಪಜೀವಿ ಕೂಡ ಕುದಿಯುವ ನೀರಿನಲ್ಲಿ ಉಳಿಯದು. ಅಮೆರಿಕದ ಮಿಲ್ವಾಕಿ ನಗರದಲ್ಲಿ 1993ರಲ್ಲಿ ಸುಮಾರು ನಾಲ್ಕು ಲಕ್ಷ ಜನರಿಗೆ ಭೇದಿ ತರಿಸಿದ್ದು ಅದೇ ಜೀವಿ, ಅದೂ ಶುದ್ಧೀಕರಣ ಘಟಕವನ್ನು ದಾಟಿ ಬಂದ ನೀರಿನ ಮೂಲಕ. ಆದರೆ ನೀರು ಕೊತಕೊತನೆ ಕುದಿಯತೊಡಗಿದ ಮೇಲೆ ಒಂದು ನಿಮಿಷ ಸಾಕು. ಎರಡು ಸಾವಿರ ಮೀಟರಿಗಿಂತ ಎತ್ತರದ ಜಾಗಗಳಲ್ಲಿ ನೀರು ಕಡಿಮೆ ಉಷ್ಣತೆಯಲ್ಲೇ ಕುದಿಯುವುದರಿಂದ ಮೂರು ನಿಮಿಷ. ಅದಕ್ಕಿಂತ ಮುಂದೆ ಹೋಗಿ ಕಾಲುಭಾಗ ಬತ್ತಿಸಿದರೆ ಹೊರಟುಹೋಗುವುದು ನೀರು ಮಾತ್ರ. ನೈಟ್ರೇಟ್, ಫ್ಲೋರೈಡ್, ಆರ್ಸೆನಿಕ್ ಯಾವುದೂ ಆವಿಯಾಗುವುದಿಲ್ಲ, ಪಾತ್ರೆಯಲ್ಲೇ ಉಳಿದು ಗಟ್ಟಿಯಾಗುತ್ತವೆ. ಲೀಟರಿಗೆ 40 ಮಿಲಿಗ್ರಾಂ ನೈಟ್ರೇಟ್ ಇರುವ ನೀರು ವಿಶ್ವ ಆರೋಗ್ಯ ಸಂಸ್ಥೆಯ 50ರ ಮಿತಿಯ ಒಳಗೇ ಇದೆ. ಅದನ್ನು ಕಾಲುಭಾಗ ಬತ್ತಿಸಿದರೆ 53 ಆಗುತ್ತದೆ. 1.2 ಮಿಲಿಗ್ರಾಂ ಫ್ಲೋರೈಡ್ 1.6 ಆಗಿ 1.5ರ ಮಿತಿಯನ್ನು ದಾಟುತ್ತದೆ. ಕುಡಿಯಬಹುದಾಗಿದ್ದ ನೀರನ್ನು ಮುತುವರ್ಜಿಯಿಂದಲೇ ಕೆಡಿಸಿದಂತಾಯಿತು.

2014ರ ಆಗಸ್ಟಿನಲ್ಲಿ ಅಮೆರಿಕದ ಟೊಲೀಡೊ ನಗರದ ಆಡಳಿತ ಜನರಿಗೆ "ನೀರು ಕುಡಿಯಬೇಡಿ, ಕುದಿಸಲೂ ಬೇಡಿ" ಎಂದು ಸೂಚಿಸಬೇಕಾಯಿತು. ಹೊಲಗಳಿಂದ ಹರಿದುಬಂದ ರಂಜಕದಿಂದ ಸರೋವರದಲ್ಲಿ ನೀಲಿಹಸಿರು ಪಾಚಿ ಹುಲುಸಾಗಿ ಬೆಳೆದು, ಅದು ಬಿಡುವ ಮೈಕ್ರೊಸಿಸ್ಟಿನ್ ಎಂಬ ಯಕೃತ್ತಿನ ವಿಷ ನಲ್ಲಿಯವರೆಗೆ ಬಂದಿತ್ತು. ಕುದಿಸಿದರೆ ಪಾಚಿಯ ಕೋಶಗಳು ಒಡೆದು ಒಳಗಿದ್ದ ವಿಷವೂ ಹೊರಬರುತ್ತದೆ.

ಹೀಗಾಗಿ ನಲ್ಲಿಯ ನೀರನ್ನು ಒಂದು ನಿಮಿಷ ಕುದಿಸಿ ಮಗುವಿಗೆ ಕೊಡಿ. ಕೊಳವೆಬಾವಿಯ ನೀರನ್ನು ಬತ್ತಿಸುವುದನ್ನು ಇಂದೇ ನಿಲ್ಲಿಸಿ. ಎರಡನ್ನೂ ಪರೀಕ್ಷೆಗೆ ಕೊಡಿ: ನಲ್ಲಿಯ ನೀರಿಗೆ ಇ. ಕೋಲಿ ಮತ್ತು ಉಳಿಕೆ ಕ್ಲೋರಿನ್, ಕೊಳವೆಬಾವಿಯ ನೀರಿಗೆ ಇ. ಕೋಲಿಯ ಜೊತೆ ನೈಟ್ರೇಟ್, ಫ್ಲೋರೈಡ್, ಆರ್ಸೆನಿಕ್. ಸೂಕ್ಷ್ಮಜೀವಿ ಪರೀಕ್ಷೆಯ ಬಾಟಲಿಯನ್ನು ಪರೀಕ್ಷಾಲಯದಿಂದಲೇ ಪಡೆಯಿರಿ. ಅದನ್ನು ಕ್ರಿಮಿರಹಿತಗೊಳಿಸಿರುತ್ತಾರೆ, ತಳದಲ್ಲಿ ಕಾಣುವ ಬಿಳಿಯ ಪುಡಿಯನ್ನು ಕೊಳೆಯೆಂದು ತೊಳೆಯಬೇಡಿ, ಅದು ನೀರಿನಲ್ಲಿರುವ ಕ್ಲೋರಿನ್ನನ್ನು ತಟಸ್ಥಗೊಳಿಸಲು ಹಾಕಿದ ಥಯೋಸಲ್ಫೇಟ್. ಮುಚ್ಚಳದ ಒಳಭಾಗಕ್ಕೆ ಬೆರಳು ತಾಗಿಸಬೇಡಿ, ಮಂಜುಗಡ್ಡೆಯ ಪೆಟ್ಟಿಗೆಯಲ್ಲಿಟ್ಟು ಆರು ಗಂಟೆಯೊಳಗೆ ತಲುಪಿಸಿ. 24 ಗಂಟೆ ದಾಟಿದರೆ ಫಲಿತಾಂಶಕ್ಕೆ ಅರ್ಥವಿರುವುದಿಲ್ಲ. ತಂಪುಪಾನೀಯದ ಹಳೆಯ ಬಾಟಲಿಯಲ್ಲಿ ಎರಡು ದಿನದ ಹಿಂದಿನ ನೀರು ತಂದು "ಎಲ್ಲ ಪರೀಕ್ಷೆ ಮಾಡಿಬಿಡಿ" ಎನ್ನುವವರಿಗೆ ನಾನು ಕೊಟ್ಟ ಉತ್ತರಗಳು ಯಾವಾಗಲೂ ಸೌಜನ್ಯದಿಂದ ಕೂಡಿದ್ದವು ಎಂದು ಹೇಳಲಾರೆ.

ಉತ್ತರ: ಮಕ್ಕಳ ವಾರ್ಡು

ನಿಮ್ಮ ಎರಡನೆಯ ಪ್ರಶ್ನೆಗೆ ವೈದ್ಯೆಯಾಗಿ ಉತ್ತರಿಸುತ್ತೇನೆ. ನೀರಿನಿಂದ ಬರುವ ಕಾಯಿಲೆಗಳಲ್ಲಿ ಕೆಲವು ಗಂಟೆಗಳ ಲೆಕ್ಕದಲ್ಲಿ, ಕೆಲವು ವಾರಗಳ ಲೆಕ್ಕದಲ್ಲಿ, ಇನ್ನು ಕೆಲವು ವರ್ಷಗಳ ಲೆಕ್ಕದಲ್ಲಿ ತೋರಿಕೊಳ್ಳುತ್ತವೆ. ಕಾರಣವನ್ನೂ ಪರಿಣಾಮವನ್ನೂ ಜೋಡಿಸುವುದು ಕಷ್ಟವಾಗುವುದು ಇದರಿಂದಲೇ. ಕಾಲರಾ ಕೆಲವೇ ಗಂಟೆಗಳಿಂದ ಐದು ದಿನಗಳೊಳಗೆ ಕಾಣಿಸಿಕೊಳ್ಳುತ್ತದೆ. ಟೈಫಾಯ್ಡ್‌ಗೆ ಒಂದರಿಂದ ಮೂರು ವಾರ ಬೇಕು. ಹೆಪಟೈಟಿಸ್ ಇ ವೈರಸ್ಸಿನ ಕಾಮಾಲೆ ಎರಡರಿಂದ ಹತ್ತು ವಾರಗಳ ಬಳಿಕ ಬರುತ್ತದೆ. ಅಂದರೆ ಇಂದು ಕಣ್ಣು ಹಳದಿಯಾದ ವ್ಯಕ್ತಿ ಕುಡಿದದ್ದು ಹೋದ ತಿಂಗಳ ನೀರು. ಇಂದು ನಲ್ಲಿಯಿಂದ ಹಿಡಿದ ಮಾದರಿ ಸ್ವಚ್ಛವಾಗಿದೆ ಎಂಬ ವರದಿ ಬಂದರೆ ಅದರಿಂದ ಏನೂ ಸಿದ್ಧವಾಗುವುದಿಲ್ಲ. ಈ ಹೆಪಟೈಟಿಸ್ ಇ ಬಹುಪಾಲು ಜನರಲ್ಲಿ ತಾನಾಗಿಯೇ ವಾಸಿಯಾಗುತ್ತದೆ, ಆದರೆ ಗರ್ಭದ ಕೊನೆಯ ಮೂರು ತಿಂಗಳಲ್ಲಿ ತಗುಲಿದರೆ ನಾಲ್ಕು ಅಥವಾ ಐದು ಮಂದಿಯಲ್ಲಿ ಒಬ್ಬರ ಜೀವ ಹೋಗಬಹುದು. ಮನೆಯಲ್ಲಿ ಗರ್ಭಿಣಿಯರಿದ್ದರೆ ನೀರಿನ ವಿಷಯದಲ್ಲಿ "ನೋಡೋಣ" ಎಂಬ ಮಾತು ಬೇಡ.

ಮಕ್ಕಳ ಭೇದಿಯಲ್ಲಿ ಕೊಲ್ಲುವುದು ರೋಗಾಣುವಲ್ಲ, ದೇಹದಿಂದ ಹೊರಟುಹೋಗುವ ನೀರು ಮತ್ತು ಲವಣ. ಸೂಕ್ಷ್ಮಜೀವಿಗಳಿಂದ ಕಲುಷಿತವಾದ ಕುಡಿಯುವ ನೀರಿನ ಕಾರಣಕ್ಕೆ ಪ್ರಪಂಚದಲ್ಲಿ ಪ್ರತಿವರ್ಷ ಸುಮಾರು ಐದು ಲಕ್ಷ ಜನ ಭೇದಿಯಿಂದ ಸಾಯುತ್ತಾರೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಭೇದಿಯ ನಡುವೆಯೂ ಕರುಳು ಸಕ್ಕರೆಯ ಜೊತೆಗೂಡಿದ ಉಪ್ಪನ್ನು ಒಳಗೆಳೆದುಕೊಳ್ಳುವ ಶಕ್ತಿಯನ್ನು ಕಳೆದುಕೊಂಡಿರುವುದಿಲ್ಲ, ಉಪ್ಪಿನ ಹಿಂದೆ ನೀರೂ ಒಳಬರುತ್ತದೆ. ಓಆರ್‌ಎಸ್ ನಿಂತಿರುವುದು ಇಷ್ಟರ ಮೇಲೆಯೇ. ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ತಲೆತಟ್ಟಿದ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಉಪ್ಪು ಹೆಚ್ಚಾದರೆ ಅಪಾಯ, ಆದ್ದರಿಂದ ಅಂದಾಜಿನಲ್ಲಿ ಹಾಕಬೇಡಿ. ಜೊತೆಗೆ ಹತ್ತರಿಂದ ಹದಿನಾಲ್ಕು ದಿನ ಸತು ಕೊಡುವುದು ವಾಡಿಕೆ. ಪ್ರಮಾಣವನ್ನು ನಿಮ್ಮ ವೈದ್ಯರು ಹೇಳಲಿ. ಮಗು ಮಂಕಾಗಿದ್ದರೆ, ಕಣ್ಣು ಗುಳಿಬಿದ್ದಿದ್ದರೆ, ಕುಡಿಯಲು ಆಗದಿದ್ದರೆ, ಮಲದಲ್ಲಿ ರಕ್ತ ಕಂಡರೆ ಮನೆಯಲ್ಲಿ ಕಾಯಬೇಡಿ.

ನನಗೆ ಹೆಚ್ಚು ಚಿಂತೆಯಾಗುವುದು ಭೇದಿ ನಿಂತ ಮೇಲಿನ ಅವಧಿಯ ಬಗ್ಗೆ. ಕರುಳಿನ ಒಳಗೋಡೆಯಲ್ಲಿ ಮಖಮಲ್ಲಿನ ಎಳೆಗಳಂತೆ ಎದ್ದು ನಿಂತ ಸಣ್ಣ ಚಾಚುಗಳಿರುತ್ತವೆ. ಆಹಾರದ ಸಾರವನ್ನು ಹೀರಿಕೊಳ್ಳುವುದು ಅವೇ. ಮತ್ತೆ ಮತ್ತೆ ರೋಗಾಣುಗಳು ಬಂದುಹೋಗುತ್ತಿದ್ದರೆ ಅವು ಮೊಂಡಾಗುತ್ತವೆ. ಮಗು ಉಣ್ಣುತ್ತದೆ, ಆದರೆ ಉಂಡದ್ದು ಮೈಗೆ ಹತ್ತುವುದಿಲ್ಲ. ತೂಕ ನಿಲ್ಲುತ್ತದೆ, ಎತ್ತರ ಹಿಂದೆ ಬೀಳುತ್ತದೆ. ನಿಮ್ಮ ಮಗಳ ತೂಕ ಮತ್ತು ಎತ್ತರವನ್ನು ತಿಂಗಳಿಗೊಮ್ಮೆ ಬರೆದಿಡಿ.

ನಿಧಾನವಾಗಿ ಕೆಲಸ ಮಾಡುವ ರಾಸಾಯನಿಕಗಳಲ್ಲಿ ನೈಟ್ರೇಟ್ ಒಂದು ಅಪವಾದ. ಅದಕ್ಕೆ ಬಹಳ ಕಾಲ ಬೇಕಿಲ್ಲ. ಪುಡಿಹಾಲನ್ನು ಅಂಥ ನೀರಿನಲ್ಲಿ ಕಲಸಿ ಕುಡಿಸಿದ ಆರು ತಿಂಗಳೊಳಗಿನ ಹಸುಗೂಸಿನ ದೇಹದಲ್ಲಿ ಅದು ನೈಟ್ರೈಟ್ ಆಗಿ ಮಾರ್ಪಟ್ಟು, ಹಿಮೋಗ್ಲೋಬಿನ್ ಆಮ್ಲಜನಕವನ್ನು ಹೊತ್ತೊಯ್ಯದಂತೆ ಮಾಡುತ್ತದೆ. ತುಟಿ, ಉಗುರುಗಳು ನೀಲಿಗಟ್ಟುತ್ತವೆ. 1945ರಲ್ಲಿ ಅಮೆರಿಕದ ಅಯೋವಾದ ಬಾವಿನೀರಿನ ಪ್ರಕರಣಗಳಲ್ಲಿ ಇದನ್ನು ಮೊದಲು ಗುರುತಿಸಿದರು. ನಿಮ್ಮ ಮಗಳಿಗೆ ನಾಲ್ಕು ವರ್ಷ, ಆ ಭಯ ಅವಳಿಗಿಲ್ಲ. ಆದರೆ ಅದೇ ಬಾವಿಯ ನೀರನ್ನು ಬತ್ತಿಸಿ ಹಸುಗೂಸಿಗೆ ಕೊಡುವ ಮನೆ ನಿಮ್ಮ ಪಕ್ಕದಲ್ಲಿ ಇದೆಯೇ ಎಂದು ವಿಚಾರಿಸಿ.

ಫ್ಲೋರೈಡ್ ಹೆಚ್ಚಾದರೆ ಹಲ್ಲು ರೂಪುಗೊಳ್ಳುವ ವಯಸ್ಸಿನಲ್ಲಿ, ಅಂದರೆ ಸುಮಾರು ಎಂಟು ವರ್ಷದೊಳಗೆ, ಹಲ್ಲಿನ ಮೇಲೆ ಸುಣ್ಣದ ಗೆರೆಗಳು, ಮುಂದೆ ಕಂದು ಕಲೆಗಳು ಮೂಡುತ್ತವೆ. ಬಹಳ ಹೆಚ್ಚು ಪ್ರಮಾಣವನ್ನು ವರ್ಷಗಟ್ಟಲೆ ಕುಡಿದರೆ ಬೆನ್ನು, ಕೀಲುಗಳು ಬಿಗಿಯುತ್ತವೆ. ವಯಸ್ಸಾದುದರಿಂದ ಬಂದ ಕೀಲುನೋವು ಎಂದುಕೊಂಡೇ ಜನ ಬಾಗುತ್ತ ಹೋಗುತ್ತಾರೆ. ಸೀಸದ ವಿಷಯದಲ್ಲಿ ಇಷ್ಟರವರೆಗೆ ಸುರಕ್ಷಿತ ಎಂಬ ಮಟ್ಟವೇ ಇಲ್ಲ. ಅದು ಮಕ್ಕಳ ಮಿದುಳಿನ ಬೆಳವಣಿಗೆಯನ್ನು ಕುಂಠಿತಗೊಳಿಸುತ್ತದೆ. ಅಮೆರಿಕದ ಫ್ಲಿಂಟ್ ನಗರದಲ್ಲಿ 2014ರಲ್ಲಿ ನೀರಿನ ಮೂಲ ಬದಲಿಸಿದಾಗ ಕೊಳವೆ ಸವೆಯದಂತೆ ಸೇರಿಸಬೇಕಾದ ರಾಸಾಯನಿಕವನ್ನು ಸೇರಿಸದೆ ಹೋದದ್ದರಿಂದ, ಹಳೆಯ ಸೀಸದ ಕೊಳವೆಗಳಿಂದಲೇ ಲೋಹ ನೀರಿಗೆ ಇಳಿಯಿತು. ಅಲ್ಲಿ ನೀರನ್ನು ಕೆಡಿಸಿದ್ದು ಅದು ಬಂದ ದಾರಿಯೂ ಹೌದು.

ಆರ್ಸೆನಿಕ್‌ನ ಕಥೆ ನನ್ನನ್ನು ಇವತ್ತಿಗೂ ಕಾಡುತ್ತದೆ. ಕೆರೆಕುಂಟೆಗಳ ನೀರು ಕುಡಿದು ಮಕ್ಕಳು ಸಾಯುವುದನ್ನು ತಪ್ಪಿಸಲು 1970ರ ದಶಕದಿಂದ ಬಾಂಗ್ಲಾದೇಶದಲ್ಲಿ ಲಕ್ಷಾಂತರ ಕೊಳವೆಬಾವಿಗಳನ್ನು ಕೊರೆದರು. ನೀರು ತಿಳಿಯಾಗಿತ್ತು, ರೋಗಾಣುಗಳೂ ಕಡಿಮೆಯಿದ್ದವು. ಆ ಪದರಗಳ ಮೆಕ್ಕಲು ಮಣ್ಣಿನಲ್ಲಿ ಸಹಜವಾಗಿಯೇ ಆರ್ಸೆನಿಕ್ ಇದೆ ಎಂದು ಆಗ ಯಾರೂ ಪರೀಕ್ಷಿಸಿರಲಿಲ್ಲ. 1990ರ ದಶಕದಲ್ಲಿ ಸಂಗತಿ ಬಯಲಾಗುವ ಹೊತ್ತಿಗೆ ಜನರ ಅಂಗೈ, ಅಂಗಾಲುಗಳಲ್ಲಿ ಜೋಳದ ಕಾಳಿನಂಥ ಗಂಟುಗಳು, ಎದೆಯ ಮೇಲೆ ಮಳೆಹನಿ ಸಿಡಿದಂಥ ಕಲೆಗಳು ಕಾಣಿಸಿಕೊಂಡಿದ್ದವು; ಚರ್ಮ, ಶ್ವಾಸಕೋಶ, ಮೂತ್ರಕೋಶಗಳ ಕ್ಯಾನ್ಸರಿನ ಅಪಾಯ ಅವುಗಳ ಹಿಂದೆಯೇ ಬರುತ್ತದೆ. ಆಮೇಲೆ ಬಾವಿಗಳನ್ನು ಒಂದೊಂದಾಗಿ ಪರೀಕ್ಷಿಸಿ, ಕುಡಿಯಬಾರದ ಪಂಪಿಗೆ ಕೆಂಪು, ಕುಡಿಯಬಹುದಾದುದಕ್ಕೆ ಹಸಿರು ಬಣ್ಣ ಬಳಿದರು. ಅಕ್ಕಪಕ್ಕದ ಎರಡು ಪಂಪುಗಳಲ್ಲಿ ಒಂದು ಕೆಂಪು, ಒಂದು ಹಸಿರು ಆಗಿರುವುದೂ ಉಂಟು.

ಒಂದು ಮಾತು ಸೇರಿಸಬೇಕು. ಮಗುವಿನ ಭೇದಿಗೆ ನೀರೊಂದೇ ಕಾರಣವಾಗಿರಬೇಕಿಲ್ಲ. ತೊಳೆಯದ ಕೈ, ಲೋಟವನ್ನು ಕೈಸಮೇತ ಅದ್ದುವ ಪಾತ್ರೆ, ಇವೂ ಅಷ್ಟೇ ಕೆಲಸ ಮಾಡುತ್ತವೆ. ಕುದಿಸಿದ ನೀರನ್ನು ಅಗಲ ಬಾಯಿಯ ಪಾತ್ರೆಯಲ್ಲಿಟ್ಟರೆ ಪಟ್ಟ ಶ್ರಮವೆಲ್ಲ ಸಂಜೆಯೊಳಗೆ ವ್ಯರ್ಥ.

ಮರುಪ್ರಶ್ನೆ: ಬಾವಿಕಟ್ಟೆ

ಇಬ್ಬರಿಗೂ ಕೃತಜ್ಞತೆಗಳು. ಮಾದರಿಗಳನ್ನು ನಾಳೆ ಕೊಡುತ್ತೇನೆ. ಇನ್ನೆರಡು ವಿಷಯ. ನಲ್ಲಿಯ ನೀರು ಬಿಟ್ಟ ಮೊದಲ ಹತ್ತು ನಿಮಿಷ ಮಸುಕಾಗಿರುತ್ತದೆ, ಆಮೇಲೆ ತಿಳಿಯಾಗುತ್ತದೆ. ನಾವು ಎಲ್ಲವನ್ನೂ ಸಂಪಿಗೇ ಬಿಟ್ಟುಕೊಳ್ಳುತ್ತೇವೆ. ಕೆಲವೊಮ್ಮೆ ಕ್ಲೋರಿನ್ ವಾಸನೆ ಬರುತ್ತದೆ, ಹಲವು ದಿನ ಬರುವುದೇ ಇಲ್ಲ. ಕ್ಲೋರಿನ್ನಿನಿಂದ ಕ್ಯಾನ್ಸರ್ ಬರುತ್ತದೆ ಎಂದು ಓದಿದ್ದೆ, ಆದ್ದರಿಂದ ವಾಸನೆ ಇಲ್ಲದ ದಿನ ಸಮಾಧಾನವಾಗುತ್ತಿತ್ತು. ಇದೆಲ್ಲದರ ಬದಲು ಒಂದು ಆರ್‌ಓ ಯಂತ್ರ ಹಾಕಿಸಿದರೆ ಮುಗಿಯಿತಲ್ಲವೇ?

ಉತ್ತರ: ಪಂಪ್‌ಹೌಸ್

ನೀವು ಸಮಾಧಾನಪಟ್ಟ ದಿನಗಳಲ್ಲೇ ಆತಂಕಪಡಬೇಕಿತ್ತು ಎಂದು ಹೇಳಬೇಕಾಗಿ ಬಂದದ್ದಕ್ಕೆ ಕ್ಷಮೆಯಿರಲಿ. ನೀರು ಪೂರೈಕೆಯಲ್ಲಿ ವಾಲ್ವ್ ತಿರುಗಿಸುವುದರಿಂದ ಹಿಡಿದು ಶುದ್ಧೀಕರಣ ಘಟಕದವರೆಗೆ ದುಡಿದ ಅನುಭವದಿಂದ ಹೇಳುತ್ತಿದ್ದೇನೆ.

ಘಟಕದಿಂದ ಹೊರಟ ನೀರು ಒಳ್ಳೆಯದೇ ಇರಬಹುದು. ಕೊಳವೆಯಲ್ಲಿ ಒತ್ತಡ ಇರುವಷ್ಟು ಹೊತ್ತು ಸೀಳುಗಳಿಂದ ನೀರು ಹೊರಗೆ ಸೋರುತ್ತದೆ, ಹೊರಗಿನದು ಒಳಗೆ ಬರಲಾರದು. ಪೂರೈಕೆ ನಿಲ್ಲಿಸಿದ ಕೂಡಲೇ ಕೊಳವೆ ಬರಿದಾಗುತ್ತದೆ, ತಗ್ಗಿನ ಕಡೆ ನೀರು ಇಳಿದುಹೋಗುವಾಗ ಒಳಗೆ ಹೀರುವಿಕೆ ಉಂಟಾಗುತ್ತದೆ, ಅದೇ ಸೀಳುಗಳಿಂದ ಸುತ್ತಲಿನ ಮಣ್ಣಿನ ತೇವ ಒಳಬರುತ್ತದೆ. ಪಕ್ಕದಲ್ಲೇ ಒಳಚರಂಡಿಯ ಕೊಳವೆ ಸೋರುತ್ತಿದ್ದರೆ ಒಳಬರುವುದು ಏನೆಂದು ನಾನು ಬಿಡಿಸಿ ಹೇಳಬೇಕಿಲ್ಲ. ನೀರು ಬೇಗ ಬರಲೆಂದು ಮೋಟಾರನ್ನು ನೇರವಾಗಿ ನಲ್ಲಿಯ ಕೊಳವೆಗೆ ಜೋಡಿಸಿದರೆ ಹೀರುವಿಕೆ ಇನ್ನೂ ಜೋರಾಗುತ್ತದೆ. ತನಗೂ ನೆರೆಯವರಿಗೂ ಕೊಳಚೆಯನ್ನು ಎಳೆದುಕೊಟ್ಟಂತೆ. ನಿಮ್ಮ ಮೊದಲ ಹತ್ತು ನಿಮಿಷದ ಮಸುಕು ನೀರು ಹೀಗೆ ಎರಡು ದಿನ ಕೊಳವೆಯಲ್ಲಿ ಸೇರಿಕೊಂಡದ್ದು. ಅದನ್ನು ಸಂಪಿಗೆ ಬಿಡಬೇಡಿ, ನೆಲ ತೊಳೆಯಲು ಹಿಡಿದಿಟ್ಟುಕೊಳ್ಳಿ.

ಕ್ಲೋರಿನ್ ಇರುವುದು ಘಟಕದಲ್ಲಿ ರೋಗಾಣು ಕೊಲ್ಲಲು ಮಾತ್ರವಲ್ಲ, ದಾರಿಯುದ್ದಕ್ಕೂ ಕಾವಲಿಗೆ. ನಲ್ಲಿಯ ಬಾಯಲ್ಲಿ ಲೀಟರಿಗೆ 0.2ರಿಂದ 0.5 ಮಿಲಿಗ್ರಾಂ ಉಳಿದಿರಬೇಕು. ನಾವು ಅದನ್ನು ಪರೀಕ್ಷಿಸುವುದು ಹೀಗೆ: ಸಣ್ಣ ಗಾಜಿನ ನಳಿಕೆಯಲ್ಲಿ ನೀರು ಹಿಡಿದು ಒಂದು ಡಿಪಿಡಿ ಮಾತ್ರೆ ಪುಡಿಮಾಡಿ ಹಾಕಿ ಕುಲುಕುತ್ತೇವೆ. ಕ್ಲೋರಿನ್ ಇದ್ದರೆ ನೀರು ಗುಲಾಬಿಯಾಗುತ್ತದೆ, ಪಕ್ಕದ ಬಣ್ಣದ ಪಟ್ಟಿಯೊಂದಿಗೆ ಹೋಲಿಸಿ ಅಂಕಿ ಬರೆದುಕೊಳ್ಳುತ್ತೇವೆ. ಬಣ್ಣವೇ ಬರದಿದ್ದರೆ ಒಂದೋ ಹಾಕಿಲ್ಲ, ಇಲ್ಲವೇ ದಾರಿಯಲ್ಲಿ ಸೇರಿಕೊಂಡ ಕೊಳೆಯೇ ಅದನ್ನು ತಿಂದುಹಾಕಿದೆ.

ಕ್ಯಾನ್ಸರಿನ ಮಾತು ಪೂರ್ತಿ ಸುಳ್ಳಲ್ಲ. ಕ್ಲೋರಿನ್ನು ನೀರಿನಲ್ಲಿರುವ ಎಲೆ, ಮಣ್ಣಿನ ಸಾವಯವ ಅಂಶದೊಂದಿಗೆ ಸೇರಿದಾಗ ಟ್ರೈಹ್ಯಾಲೊಮೀಥೇನ್‌ಗಳು ಹುಟ್ಟುತ್ತವೆ ಎಂಬುದು 1974ರಿಂದ ತಿಳಿದಿದೆ. ದೀರ್ಘಕಾಲ ಹೆಚ್ಚಿನ ಪ್ರಮಾಣದಲ್ಲಿ ಕುಡಿದರೆ ಮೂತ್ರಕೋಶದ ಕ್ಯಾನ್ಸರಿನ ಸಂಭವ ಸ್ವಲ್ಪ ಹೆಚ್ಚುವ ಸೂಚನೆಗಳಿವೆ. ಅದಕ್ಕೆ ಪರಿಹಾರ ಕ್ಲೋರಿನ್ ಹಾಕುವ ಮೊದಲು ಸಾವಯವ ಅಂಶವನ್ನು ತೆಗೆಯುವುದು, ಕ್ಲೋರಿನ್ನನ್ನೇ ತೆಗೆಯುವುದಲ್ಲ. ಕೆನಡಾದ ವಾಕರ್ಟನ್ ಎಂಬ ಸಣ್ಣ ಊರಿನಲ್ಲಿ 2000ದ ಮೇ ತಿಂಗಳಲ್ಲಿ ಜೋರು ಮಳೆ ಬಂದು ದನದ ಗೊಬ್ಬರ ಆಳವಿಲ್ಲದ ಬಾವಿಗೆ ಇಳಿಯಿತು. ಕ್ಲೋರಿನ್ ಸರಿಯಾಗಿ ಹಾಕಿರಲಿಲ್ಲ, ನೋಡಿಕೊಳ್ಳುವವರು ಅಳೆಯದೆಯೇ ಪುಸ್ತಕದಲ್ಲಿ ಅಂಕಿಗಳನ್ನು ಬರೆದಿಡುತ್ತಿದ್ದರು. ಏಳು ಜನ ಸತ್ತರು, ಎರಡು ಸಾವಿರಕ್ಕೂ ಹೆಚ್ಚು ಜನ ಹಾಸಿಗೆ ಹಿಡಿದರು. ನಮ್ಮ ಕೆಲಸದವರಿಗೆ ಆ ಪುಸ್ತಕದ ಕಥೆ ಸತ್ತವರ ಸಂಖ್ಯೆಗಿಂತಲೂ ಹೆಚ್ಚು ಚುಚ್ಚುತ್ತದೆ, ಏಕೆಂದರೆ ಅಂಥ ಪುಸ್ತಕವನ್ನು ನೋಡದವರು ನಮ್ಮಲ್ಲಿ ಕಡಿಮೆ.

ಆರ್‌ಓ ನೈಟ್ರೇಟ್, ಫ್ಲೋರೈಡ್, ಆರ್ಸೆನಿಕ್‌ಗಳನ್ನು ಬಹುಮಟ್ಟಿಗೆ ತಡೆಯುತ್ತದೆ. ಯುವಿ ದೀಪ ರೋಗಾಣುಗಳಿಗೆ ಮಾತ್ರ, ಅದೂ ನೀರು ತಿಳಿಯಾಗಿದ್ದರೆ. ಇದ್ದಿಲಿನ ಸೋಸುಕ ವಾಸನೆ, ಕ್ಲೋರಿನ್, ಕೆಲವು ಸಾವಯವ ರಾಸಾಯನಿಕಗಳಿಗೆ. ನೈಟ್ರೇಟ್ ಅದನ್ನು ಹಾಯ್ದುಬರುತ್ತದೆ. 180 ಟಿಡಿಎಸ್ ಇರುವ ನಲ್ಲಿಯ ನೀರಿಗೆ ಆರ್‌ಓ ಹಾಕಿಸಿ, ಒಂದು ಲೋಟ ಕುಡಿಯಲು ಎರಡು ಮೂರು ಲೋಟ ಚೆಲ್ಲುವುದು ನನಗೆ ಒಪ್ಪಿಗೆಯಿಲ್ಲ. ಕ್ಲೋರಿನ್ ಉಳಿಯದ ಆ ನೀರು ಯಂತ್ರದ ತೊಟ್ಟಿಯಲ್ಲಿ ದಿನಗಟ್ಟಲೆ ನಿಂತರೆ ಅಲ್ಲಿಯೂ ಲೋಳೆ ಕಟ್ಟುತ್ತದೆ. ವರದಿ ಬರಲಿ, ಆಮೇಲೆ ಯಂತ್ರದ ಮಾತು.

ಉತ್ತರ: ಕೆಳದಂಡೆ

ಮೇಲಿನವರೆಲ್ಲ ಹೇಳಿದ್ದು ಸರಿ, ಆದರೆ ಚರ್ಚೆ ಅಡುಗೆಮನೆಯ ಬಾಗಿಲು ದಾಟುತ್ತಿಲ್ಲ ಎಂಬುದು ನನ್ನ ತಕರಾರು. ನೀರು ಕುಡಿಯದೆಯೇ ನೀರಿನಿಂದ ಸತ್ತವರಿದ್ದಾರೆ.

ಜಪಾನಿನ ಮಿನಾಮಾಟಾದಲ್ಲಿ ಚಿಸ್ಸೊ ಕಂಪನಿಯ ಕಾರ್ಖಾನೆ 1932ರಿಂದ 1968ರವರೆಗೆ ಪಾದರಸವಿದ್ದ ತ್ಯಾಜ್ಯವನ್ನು ಕೊಲ್ಲಿಗೆ ಬಿಟ್ಟಿತು. ಅದು ಸಮುದ್ರ, ಅದರ ನೀರನ್ನು ಯಾರೂ ಕುಡಿಯುತ್ತಿರಲಿಲ್ಲ. ಮೀಥೈಲ್ ಪಾದರಸ ಪಾಚಿಯಿಂದ ಚಿಪ್ಪುಮೀನಿಗೆ, ಮೀನಿಗೆ, ಹೀಗೆ ಒಂದೊಂದು ಮೆಟ್ಟಿಲಿಗೂ ಸಾಂದ್ರವಾಗುತ್ತ ಊಟದ ತಟ್ಟೆಗೆ ಬಂತು. ಮೊದಲು ಬೆಕ್ಕುಗಳು ತೂರಾಡಿ ಸುತ್ತುತ್ತ ಬಿದ್ದು ಸತ್ತವು, ಆಮೇಲೆ ಜನರ ಕೈ ನಡುಗತೊಡಗಿತು, ದೃಷ್ಟಿ ಕಿರಿದಾಯಿತು, ಮಾತು ತೊದಲಿತು. ಯಾವ ಲಕ್ಷಣವೂ ಇಲ್ಲದ ತಾಯಂದಿರಿಗೆ ಮಿದುಳಿಗೆ ಪೆಟ್ಟುಬಿದ್ದ ಮಕ್ಕಳು ಹುಟ್ಟಿದರು, ಏಕೆಂದರೆ ವಿಷ ಜರಾಯುವನ್ನು (ಮಾಸನ್ನು) ದಾಟಿ ಶಿಶುವನ್ನು ಸೇರಿತ್ತು. ರೋಗವನ್ನು ಅಧಿಕೃತವಾಗಿ ದಾಖಲಿಸಿದ್ದು 1956ರಲ್ಲಿ. 1959ರಲ್ಲಿ ಕಂಪನಿಯ ವೈದ್ಯರೇ ಕಾರ್ಖಾನೆಯ ತ್ಯಾಜ್ಯವನ್ನು ಬೆಕ್ಕಿಗೆ ಉಣಿಸಿ ಅದೇ ರೋಗ ಬರುವುದನ್ನು ಕಂಡರು. ಆ ಫಲಿತಾಂಶವನ್ನು ಕಂಪನಿ ಮುಚ್ಚಿಟ್ಟಿತು. ಸರ್ಕಾರ ಕಾರಣವನ್ನು ಒಪ್ಪಿಕೊಂಡದ್ದು 1968ರಲ್ಲಿ. ಯಾವ ಮನೆಯ ಯಾವ ಯಂತ್ರ ಆ ಹನ್ನೆರಡು ವರ್ಷಗಳನ್ನು ಸೋಸುತ್ತಿತ್ತು?

ಅದೇ ದೇಶದ ಜಿನ್‌ಜು ನದಿಗೆ ಗಣಿಯಿಂದ ಇಳಿದ ಕ್ಯಾಡ್ಮಿಯಂ ಗದ್ದೆಗಳಿಗೆ ಹರಿದು ಅಕ್ಕಿಯನ್ನು ಸೇರಿತು. ಮೂತ್ರಪಿಂಡ ಕೆಟ್ಟು, ಮೂಳೆ ಮೆದುವಾಗಿ, ಕೆಮ್ಮಿದರೂ ಮುರಿಯುವಂತಾದವರ ನರಳಾಟವೇ ಆ ರೋಗದ ಹೆಸರಾಯಿತು: ಇಟಾಯ್‌ ಇಟಾಯ್, ಅಂದರೆ "ನೋವು, ನೋವು".

ಬ್ರಾಡ್ ಸ್ಟ್ರೀಟಿನ ಕಥೆಯನ್ನೂ ಪೂರ್ತಿ ಹೇಳಬೇಕು. ಸ್ನೋ ವಾದದ ಬಳಿಕ ಯಾರೂ ಆ ನೀರನ್ನು ಸೇದದಂತೆ ಪಂಪಿನ ಹಿಡಿ ತೆಗೆದದ್ದನ್ನು ಜನ ನೆನೆಯುತ್ತಾರೆ. ಬಾವಿಯಿಂದ ಒಂದು ಮೀಟರಿನಷ್ಟೇ ದೂರದಲ್ಲಿ ಒಂದು ಮನೆಯ ಮಲದ ಗುಂಡಿಯ ಇಟ್ಟಿಗೆ ಸಡಿಲಗೊಂಡು ಸೋರುತ್ತಿತ್ತು, ಕಾಯಿಲೆಯ ಮಗುವಿನ ಬಟ್ಟೆ ತೊಳೆದ ನೀರು ಅದೇ ಗುಂಡಿಗೆ ಸೇರಿತ್ತು ಎಂಬುದು ಅಗೆದು ನೋಡಿದಾಗ ತಿಳಿಯಿತು. ಬಾವಿಕಟ್ಟೆಯವರೇ, ನಿಮ್ಮ ಕೊಳವೆಬಾವಿಗೂ ಹತ್ತಿರದ ಶೌಚದ ಗುಂಡಿಗೂ ಎಷ್ಟು ಹೆಜ್ಜೆ ಎಂದು ಅಳೆದಿದ್ದೀರಾ?

ಮರುಉತ್ತರ: ಬಾವಿಕಟ್ಟೆ

ಅಳೆದೆ. ಒಂಬತ್ತು ಹೆಜ್ಜೆ.

ವರದಿಗಳು ಬಂದಿವೆ. ನಲ್ಲಿಯ ನೀರಿನಲ್ಲಿ ಉಳಿಕೆ ಕ್ಲೋರಿನ್ ಇಲ್ಲ, ಇ. ಕೋಲಿ ಇದೆ. ಕೊಳವೆಬಾವಿಯ ನೀರಿನಲ್ಲಿ ಇ. ಕೋಲಿ ಇಲ್ಲ, ಫ್ಲೋರೈಡ್ 0.8, ಆರ್ಸೆನಿಕ್ ಮಿತಿಯ ಒಳಗೆ, ನೈಟ್ರೇಟ್ 72. ಅದನ್ನು ಅಮ್ಮನ ಲೆಕ್ಕದಲ್ಲಿ ಕಾಲುಭಾಗ ಬತ್ತಿಸಿದರೆ 96 ಆಗುತ್ತದೆ ಎಂದು ಕಾಗದದ ಮೇಲೆ ಭಾಗಾಕಾರ ಮಾಡಿ ತೋರಿಸಿದೆ. ಅವರು ಬಹಳ ಹೊತ್ತು ಏನೂ ಮಾತಾಡಲಿಲ್ಲ.

ಸಂಪನ್ನು ಬರಿದು ಮಾಡಿಸಿ ಇಳಿದು ನೋಡಿದಾಗ ಗುಂಡಿಯ ಕಡೆಯ ಗೋಡೆಯಲ್ಲಿ ಬೆರಳು ತೂರುವಷ್ಟು ಬಿರುಕಿತ್ತು, ಅದರ ಸುತ್ತ ಗಾರೆ ಕಪ್ಪಗೆ ತೇವವಾಗಿತ್ತು. ಅದನ್ನು ಮುಚ್ಚಿಸಿ, ಸಂಪನ್ನು ಕ್ಲೋರಿನ್ ದ್ರಾವಣದಿಂದ ತೊಳೆಸಿದ್ದೇವೆ. ಕೊಳವೆಬಾವಿಯ ನೀರು ಈಗ ಬಟ್ಟೆಗೆ, ಗಿಡಗಳಿಗೆ ಮಾತ್ರ. ನಲ್ಲಿ ಬಿಟ್ಟ ಮೊದಲ ಹತ್ತು ನಿಮಿಷದ ನೀರನ್ನು ಬೇರೆ ಹಿಡಿಯುತ್ತೇವೆ. ನೀರು ಕುದಿಯಲು ಶುರುವಾದಾಗ ಅಮ್ಮ ಗಡಿಯಾರ ನೋಡಿ ಒಂದು ನಿಮಿಷಕ್ಕೆ ಒಲೆ ಆರಿಸುತ್ತಾರೆ. ಆರಿಸುವಾಗ ಮುಖದಲ್ಲಿ ಇನ್ನೂ ಅರೆಮನಸ್ಸು. ಮಲದ ಗುಂಡಿಯಿಂದ ಸೋರಿದ್ದೇ ನೆಲದಲ್ಲಿ ನೈಟ್ರೇಟ್ ಆಗಿ ಬಾವಿಗೆ ಸೇರಬಹುದಂತೆ. ಆ ಗುಂಡಿಯನ್ನು ಮುಚ್ಚಿಸಿದರೆ ಬಾವಿಯ ನೈಟ್ರೇಟ್ ಇಳಿಯಲು ಎಷ್ಟು ಕಾಲ ಬೇಕಾದೀತು?

ಉತ್ತರ: ಪರೀಕ್ಷಾನಳಿಕೆ

ಅದು ಮಣ್ಣು, ಬಂಡೆಯ ಬಿರುಕು, ಮಳೆ ಇವನ್ನೆಲ್ಲ ಅವಲಂಬಿಸಿದೆ. ತಿಂಗಳುಗಳಲ್ಲ, ವರ್ಷಗಳ ಮಾತು. ಅಂತರ್ಜಲಕ್ಕೆ ಸೇರಿದ್ದು ಬೇಗ ಹೊರಬರುವುದಿಲ್ಲ. ಮಳೆಗಾಲಕ್ಕೆ ಮೊದಲು ಒಮ್ಮೆ, ಮಳೆಗಾಲ ಮುಗಿದ ಮೇಲೆ ಒಮ್ಮೆ ಅಳೆಯಿರಿ. ಸದ್ಯಕ್ಕೆ ನಲ್ಲಿಯ ನೀರಿನ ಇ. ಕೋಲಿ ಪರೀಕ್ಷೆಯನ್ನು ಸಂಪು ತೊಳೆದ ವಾರದ ಬಳಿಕ ಮತ್ತೆ ಮಾಡಿಸಿ. ಮಾದರಿಗಳು ಎರಡಿರಲಿ: ಒಂದು ಬೀದಿಯ ಕೊಳವೆ ನಿಮ್ಮ ಮನೆಗೆ ಸೇರುವ ಜಾಗದಲ್ಲಿ, ಇನ್ನೊಂದು ಅಡುಗೆಮನೆಯ ನಲ್ಲಿಯಲ್ಲಿ. ಮೊದಲನೆಯದರಲ್ಲೂ ಇ. ಕೋಲಿ ಕಂಡರೆ ಬಿರುಕು ನಿಮ್ಮ ಸಂಪಿನದೊಂದೇ ಅಲ್ಲ. ಆ ವರದಿಯ ಪ್ರತಿಯನ್ನು ನೀರು ಪೂರೈಸುವವರಿಗೆ ಬರಹದಲ್ಲಿ ಕೊಟ್ಟು ಸ್ವೀಕೃತಿ ಪಡೆದುಕೊಳ್ಳಿ.